ನಿಮ್ಮಲ್ಲಿ ಅದಕ್ಕೆ ಒಪ್ಪಲ್ಲ ಅಲ್ವಾ?

“ನಿಮ್ಮಲ್ಲಿ ಅದಕ್ಕೆ ಒಪ್ಪಲ್ಲ ಅಲ್ವಾ?”

ಪ್ರಶ್ನೆಯ ಹಾಗೆ ಕೇಳಿಸಿದರೂ ಅದು ಪ್ರಶ್ನೆಯಾಗಿರಲಿಲ್ಲ. ಕೇಳಿದ ಡಾಕ್ಟರಮ್ಮ ನಮ್ಮ ಉತ್ತರಕ್ಕೆ ಕಾಯಲೂ ಇಲ್ಲ. ಕಬ್ಬಿಣಾಂಶದ ಮಾತ್ರೆ ಬೇಡ, ಫೋಲಿಕ್ ಆಸಿಡ್ ಮಾತ್ರ ಸಾಕು ಎಂದು ಚೀಟಿ ಬರೆದರು, ಮುಂದಿನ ತಿಂಗಳು ಬನ್ನಿ ಎಂದರು, ಹೊರಗೆ ಕೂತಿದ್ದ ಮುಂದಿನ ಹೆಸರನ್ನು ಕೂಗಿಸಿದರು. ನಾನೂ ನನ್ನ ತಂಗಿಯೂ ಬುರ್ಖಾ ಸರಿಮಾಡಿಕೊಂಡು ಎದ್ದು ಬಂದೆವು. ಅವರು ಯಾವ “ಅದರ” ಬಗ್ಗೆ ಹೇಳಿದರು ಎಂಬುದು ಪೂರ್ತಿ ಅರ್ಥವಾಗಲು ನಮಗೆ ನಾಲ್ಕು ವಾರ ಬೇಕಾಯಿತು. ಆ ನಾಲ್ಕು ವಾರದ ಬಗ್ಗೆಯೇ ಈ ಜಗಳ.

ತಂಗಿ ಆಗ ಹದಿಮೂರು ವಾರದ ಬಸುರಿ. ಮೊದಲ ಮಗನಿಗೆ ಐದು ವರ್ಷ, ಥಲಸ್ಸೀಮಿಯಾ ಮೇಜರ್. ಹುಟ್ಟಿದಾಗ ಗುಂಡುಗುಂಡಾಗಿ ಚೆನ್ನಾಗಿಯೇ ಇದ್ದ. ಏಳನೇ ತಿಂಗಳಿಗೆ ಬಿಳಿಚಿಕೊಂಡ, ಹಾಲು ಬಿಟ್ಟ, ಹೊಟ್ಟೆ ಉಬ್ಬಿತು. ಅಂದಿನಿಂದ ಇಂದಿನವರೆಗೆ ಮೂರು ವಾರಕ್ಕೊಮ್ಮೆ, ಹೆಚ್ಚೆಂದರೆ ನಾಲ್ಕು ವಾರಕ್ಕೊಮ್ಮೆ, ಅವನಿಗೆ ಬೇರೆಯವರ ರಕ್ತ ಹತ್ತಬೇಕು. ಹತ್ತಿದ ರಕ್ತದಲ್ಲಿರುವ ಕಬ್ಬಿಣ ಮೈಯಲ್ಲಿ ಉಳಿದು ಹೃದಯ, ಪಿತ್ತಜನಕಾಂಗಗಳನ್ನು ಕೆಡಿಸುತ್ತದೆ. ಅದನ್ನು ಹೊರಹಾಕಲು ದಿನಾ ಮಾತ್ರೆ. ಸಿರಿಗೆರೆಯಿಂದ ಪಟ್ಟಣಕ್ಕೆ ಬೆಳಿಗ್ಗೆಯ ಬಸ್ಸು, ರಕ್ತನಿಧಿಯ ಮುಂದೆ ಬೆಂಚು, ಸೂಜಿ ಚುಚ್ಚಲು ರಕ್ತನಾಳ ಸಿಗದೆ ನರ್ಸು ಹುಡುಕುವಾಗ ಅವನು ಕಣ್ಣು ಮುಚ್ಚಿ ಮಗ್ಗಿ ಹೇಳುವುದು, ಸಂಜೆಯ ಬಸ್ಸು. ಇದು ಆ ಮನೆಯ ಪಂಚಾಂಗ.

ತಂಗಿಗೂ ಕಾಯಿಲೆಯಿಲ್ಲ, ಅವಳ ಗಂಡನಿಗೂ ಇಲ್ಲ. ಇಬ್ಬರೂ ವಾಹಕರು ಅಷ್ಟೆ. ಅಪ್ಪನಿಂದ ಒಂದು, ಅಮ್ಮನಿಂದ ಒಂದು ಕೆಟ್ಟ ಪ್ರತಿ ಬಂದು ಸೇರಿದರೆ ಮಾತ್ರ ಮಗುವಿಗೆ ಕಾಯಿಲೆ. ಪ್ರತಿ ಬಸುರಿಗೂ ನಾಲ್ಕರಲ್ಲಿ ಒಂದು ಸಾಧ್ಯತೆ. ಮೊದಲನೆಯದಕ್ಕೆ ಬಂದುಹೋಯಿತು, ಇನ್ನು ಮೂರು ಕ್ಷೇಮ ಎನ್ನುವ ಲೆಕ್ಕವಿಲ್ಲ. ನಾಣ್ಯ ಪ್ರತಿ ಸಲವೂ ಹೊಸದಾಗಿಯೇ ಚಿಮ್ಮುತ್ತದೆ.

ಹದಿಮೂರು ವಾರದಲ್ಲಿ ಮಾಸುವಿನ ಒಂದು ಚೂರು ತೆಗೆದು ಪರೀಕ್ಷೆ ಮಾಡಿದರೆ ಹೊಟ್ಟೆಯೊಳಗಿನ ಮಗುವಿಗೆ ಕಾಯಿಲೆ ಇದೆಯೋ ಇಲ್ಲವೋ ಗೊತ್ತಾಗುತ್ತದೆ. ಹನ್ನೊಂದರಿಂದ ಹದಿಮೂರನೇ ವಾರ ಅದಕ್ಕೆ ಒಳ್ಳೆಯ ಕಾಲ. ಇದನ್ನು ಡಾಕ್ಟರಮ್ಮ ನಮಗೆ ಹೇಳಲಿಲ್ಲ. ಹೇಳಿ ಪ್ರಯೋಜನವಿಲ್ಲ ಎಂದುಕೊಂಡರು. ಮಗುವಿಗೆ ಕಾಯಿಲೆ ಎಂದು ಗೊತ್ತಾದರೂ ಇವರು ತೆಗೆಸುವವರಲ್ಲ, ಇವರ ಧರ್ಮದಲ್ಲಿ ಒಪ್ಪುವುದಿಲ್ಲ, ಮತ್ತೆ ಪರೀಕ್ಷೆಯ ಖರ್ಚು ಯಾಕೆ? ನಮ್ಮ ಮೇಲಿನ ಕನಿಕರದಿಂದಲೇ ಹಾಗೆಂದುಕೊಂಡಿರಬಹುದು. ಆದರೆ ಒಂದು ಹೆಣ್ಣಿನ ಪರವಾಗಿ, ಅವಳನ್ನು ಕೇಳದೆ, ಅವಳ ಉಡುಪು ನೋಡಿ ಧರ್ಮಶಾಸ್ತ್ರ ಹೇಳಿದ ಹಾಗಾಯಿತು. ಅದೂ ತಪ್ಪು ಧರ್ಮಶಾಸ್ತ್ರ.

ಈ ಮಾತನ್ನು ಆ ತಿಂಗಳಲ್ಲಿ ನಾನು ಮೂರು ಬಾಯಿಂದ ಕೇಳಿದೆ. ಒಂದು ಡಾಕ್ಟರಮ್ಮನದು. ಎರಡನೆಯದು ಒಬ್ಬ ಹಜ್ರತ್‌ರದು. ಫೋನಿನಲ್ಲಿ, ಅರ್ಧ ನಿಮಿಷದಲ್ಲಿ. ಮೂರನೆಯದು ನನ್ನ ಜೊತೆ ಕನ್ನಡ ಎಂ.ಎ. ಮಾಡಿದ, ಒಳ್ಳೆಯ ಕತೆ ಬರೆಯುವ, ಯಾವ ದೇವರನ್ನೂ ನಂಬದ ಗೆಳತಿಯದು. “ನಿಮ್ಮಲ್ಲಿ ಒಪ್ಪಲ್ಲ ಅಂತ ಗೊತ್ತು ಕಣೇ, ಅದಕ್ಕೇ ಹೇಳೋದು, ಮೊದಲು ಅದರಿಂದ ಹೊರಗೆ ಬನ್ನಿ” ಎಂದಳು. ಮೂವರೂ ಮೂರು ದಿಕ್ಕಿನವರು. ಒಬ್ಬರಿಗೊಬ್ಬರು ಎದುರು ಸಿಕ್ಕರೆ ನಮಸ್ಕಾರ ಮಾಡುತ್ತಾರೋ ಇಲ್ಲವೋ. ಆದರೆ ಇಸ್ಲಾಂ ಎಂದರೆ ಏನು ಎಂಬ ವಿಷಯದಲ್ಲಿ ಮೂವರಿಗೂ ಒಂದೇ ಅಭಿಪ್ರಾಯ, ಮತ್ತು ಮೂವರೂ ಪುಸ್ತಕ ತೆರೆದು ನೋಡಿರಲಿಲ್ಲ. ನಾನೂ ಅಲ್ಲಿಯವರೆಗೆ ನೋಡಿರಲಿಲ್ಲ, ಅದನ್ನೂ ಹೇಳಿಬಿಡಬೇಕು.

ಮೊದಲು ಹಜ್ರತ್‌ರ ಅರ್ಧ ನಿಮಿಷಕ್ಕೆ ಬರುತ್ತೇನೆ.

ನಾನು ಸಿರಿಗೆರೆಯಲ್ಲಿ ಹುಟ್ಟಿ ಬೆಳೆದವಳು. ಅಬ್ಬಾ ಸೈಕಲ್ ರಿಪೇರಿ ಅಂಗಡಿ ಇಟ್ಟಿದ್ದರು. ಸೋಮವಾರ ಬಂತೆಂದರೆ ಊರಿಗೆ ಊರೇ ಜನ. ತರಳಬಾಳು ಮಠದ ಸದ್ಧರ್ಮ ನ್ಯಾಯಪೀಠಕ್ಕೆ ಹೊಲದ ಬದುವಿನ ತಕರಾರು, ಅಣ್ಣತಮ್ಮಂದಿರ ಪಾಲು, ಗಂಡಹೆಂಡಿರ ಮುನಿಸು ಹೊತ್ತು ಎಲ್ಲೆಲ್ಲಿಂದಲೋ ಬಸ್ಸಿಳಿಯುತ್ತಿದ್ದರು. ಅಬ್ಬಾನ ಅಂಗಡಿ ಮುಂದೆ ನೀರು ಕುಡಿಯಲು ನಿಂತವರ ಬಾಯಿಂದ ನಾನು ಎಷ್ಟೋ ಜಗಳಗಳ ಎರಡೂ ಮಗ್ಗಲು ಕೇಳಿದ್ದೇನೆ. ನ್ಯಾಯ ಹೇಳುವುದೆಂದರೆ ವಾದಿ ಪ್ರತಿವಾದಿ ಇಬ್ಬರನ್ನೂ ಎದುರಿಗೆ ಕೂರಿಸಿಕೊಂಡು, ಕಾಗದ ನೋಡಿ, ಬೇಕಾದರೆ ಇನ್ನೊಂದು ಸೋಮವಾರಕ್ಕೆ ಮುಂದೂಡಿ ಹೇಳುವುದು ಎಂದು ನಮ್ಮೂರಿನ ಮಕ್ಕಳಿಗೆ ಯಾರೂ ಪಾಠ ಮಾಡಬೇಕಿಲ್ಲ.

ನಮ್ಮ ಫತ್ವಾದ ಪದ್ಧತಿಯೂ ಮೂಲದಲ್ಲಿ ಇದಕ್ಕಿಂತ ಬೇರೆಯಲ್ಲ. ಫತ್ವಾ ಎಂದರೆ ಟಿವಿಯಲ್ಲಿ ತೋರಿಸುವ ಹಾಗೆ ಯಾರದೋ ತಲೆಗೆ ಬೆಲೆ ಕಟ್ಟುವ ಆಜ್ಞೆಯಲ್ಲ. ಒಬ್ಬ ವ್ಯಕ್ತಿ ತನ್ನ ನಿರ್ದಿಷ್ಟ ಸಂಕಟವನ್ನು ಕೇಳುತ್ತಾನೆ, ತಿಳಿದವನು ಆ ಸಂಕಟಕ್ಕೆ ತನ್ನ ಅಭಿಪ್ರಾಯ ಹೇಳುತ್ತಾನೆ. ಖಾಜಿಯ ತೀರ್ಪಿಗಿರುವ ಕಟ್ಟು ಅದಕ್ಕಿಲ್ಲ. ಕೇಳಿದವನ ಪರಿಸ್ಥಿತಿ ಬದಲಾದರೆ ಉತ್ತರವೂ ಬದಲಾಗಬಹುದು. ಹಾಗಿದ್ದ ಮೇಲೆ ಮುಫ್ತಿಯ ಮೊದಲ ಕೆಲಸ ಉತ್ತರಿಸುವುದಲ್ಲ, ಕೇಳುವುದು. ನಮ್ಮ ಹಜ್ರತ್‌ರು ಏನು ಕೇಳಿದರು? ಏನೂ ಕೇಳಲಿಲ್ಲ. ಎಷ್ಟನೇ ತಿಂಗಳು ಎಂದು ಕೇಳಲಿಲ್ಲ. ಕಾಯಿಲೆ ಯಾವುದು ಎಂದು ಕೇಳಲಿಲ್ಲ. “ಹರಾಮ್ ಹೈ ಬೇಟಿ” ಎಂದರು. ಬಡತನಕ್ಕೆ ಹೆದರಿ ಮಕ್ಕಳನ್ನು ಕೊಲ್ಲಬೇಡಿ, ಅನ್ನ ಕೊಡುವವನು ಅಲ್ಲಾಹನು ಎಂಬ ಅರ್ಥದ ಆಯತ್ತನ್ನು ಹೇಳಿ, ಸಬರ್ ಮಾಡು ಎಂದು ಫೋನಿಟ್ಟರು.

ಆ ಆಯತ್ತು ಹದಿನೇಳನೇ ಸೂರಾದ ಮೂವತ್ತೊಂದನೆಯದು. ದೊಡ್ಡ ಮಾತು, ಸಂದೇಹವೇ ಇಲ್ಲ. ಆದರೆ ಅದು ಹೇಳುತ್ತಿರುವುದು ಹಸಿವಿನ ಭಯಕ್ಕೆ ಮಕ್ಕಳನ್ನು ಕೊಲ್ಲುತ್ತಿದ್ದವರಿಗೆ. ತಂಗಿ ಹಸಿವಿಗೆ ಹೆದರಿರಲಿಲ್ಲ. ಅವಳು ಹೆದರಿದ್ದು ಇನ್ನೊಂದು ಪುಟ್ಟ ಕೈಯಲ್ಲಿ ರಕ್ತನಾಳ ಹುಡುಕುವುದಕ್ಕೆ.

ಹಾಗಾದರೆ ಪುಸ್ತಕಗಳಲ್ಲಿ ಏನಿದೆ? ನಾನು ಆಲಿಮಳಲ್ಲ, ಕನ್ನಡ ಮೇಡಮ್ಮು. ಆದರೆ ಓದಲು ಬರುತ್ತದೆ. ಓದಿದ್ದನ್ನು ಹೇಳುತ್ತೇನೆ, ತಪ್ಪಿದ್ದರೆ ತಿಳಿದವರು ತಿದ್ದಲಿ.

ಗರ್ಭಪಾತದ ಬಗ್ಗೆ ಕುರ್‌ಆನಿನಲ್ಲಿ ನೇರವಾದ ಆಯತ್ತಿಲ್ಲ. ಇಪ್ಪತ್ತಮೂರನೇ ಸೂರಾ ಮನುಷ್ಯ ಹೊಟ್ಟೆಯಲ್ಲಿ ಹೇಗೆ ರೂಪುಗೊಳ್ಳುತ್ತಾನೆ ಎಂಬುದನ್ನು ಹಂತಹಂತವಾಗಿ ಹೇಳುತ್ತದೆ: ಹನಿ, ಅಂಟಿಕೊಂಡದ್ದು, ಮಾಂಸದ ಮುದ್ದೆ, ಎಲುಬು, ಎಲುಬಿನ ಮೇಲೆ ಹೊದಿಕೆ, ಆಮೇಲೆ ಇನ್ನೊಂದೇ ಸೃಷ್ಟಿ. ಈ ಕೊನೆಯ “ಇನ್ನೊಂದೇ ಸೃಷ್ಟಿ” ಯಾವಾಗ ಎಂಬುದೇ ಪ್ರಶ್ನೆ. ಬುಖಾರಿ, ಮುಸ್ಲಿಂ ಎರಡೂ ಸಂಗ್ರಹಗಳಲ್ಲಿ ಇಬ್ನ್ ಮಸೂದರಿಂದ ಬಂದ ಹದೀಸಿದೆ. ಅದನ್ನು ಬಹುಪಾಲು ವಿದ್ವಾಂಸರು ಓದಿದ ರೀತಿಯಲ್ಲಿ ನಲವತ್ತು ನಲವತ್ತು ದಿನಗಳ ಮೂರು ಹಂತ ಕಳೆದ ಮೇಲೆ ದೇವದೂತ ಬಂದು ರೂಹ್ ಊದುತ್ತಾನೆ. ನೂರಿಪ್ಪತ್ತು ದಿನ. ಮುಸ್ಲಿಂ ಸಂಗ್ರಹದಲ್ಲೇ ಇನ್ನೊಂದು ಹದೀಸು ನಲವತ್ತೆರಡು ರಾತ್ರಿಗಳ ಮಾತು ಹೇಳುತ್ತದೆ. ಹೀಗಾಗಿ ಮೊದಲ ದಿನದಿಂದಲೇ ಇಲ್ಲಿ ಚರ್ಚೆ.

ಆ ಚರ್ಚೆ ನಾಲ್ಕು ಮಜ್ಹಬ್‌ಗಳಲ್ಲಿ ನಾಲ್ಕು ದಾರಿ ಹಿಡಿಯಿತು. ಮಾಲಿಕಿಗಳು ಅತಿ ಕಟ್ಟುನಿಟ್ಟು, ಗರ್ಭ ನಿಂತ ಮೇಲೆ ಮುಟ್ಟಬೇಡಿ ಎಂದರು. ಹಂಬಲಿಗಳಲ್ಲಿ ಅನೇಕರು ನಲವತ್ತು ದಿನಗಳವರೆಗೆ ಅವಕಾಶ ಕೊಟ್ಟರು. ಶಾಫಿಗಳಲ್ಲಿ ಒಳಗೊಳಗೇ ಭಿನ್ನಾಭಿಪ್ರಾಯ. 1111ರಲ್ಲಿ ತೀರಿಕೊಂಡ ಇಮಾಂ ಗಜಾಲಿ, ಗರ್ಭ ತೆಗೆಯುವುದು ಇರುವ ಒಂದು ಜೀವದ ಮೇಲಿನ ಅಪರಾಧ, ಮತ್ತು ದಿನ ಬೆಳೆದಂತೆ ಅಪರಾಧದ ತೂಕವೂ ಬೆಳೆಯುತ್ತದೆ ಎಂದರು. ಹನಫಿಗಳಲ್ಲಿ ಬಹಳಷ್ಟು ಮಂದಿ ನೂರಿಪ್ಪತ್ತು ದಿನಗಳ ಒಳಗೆ, ಸರಿಯಾದ ಕಾರಣವಿದ್ದರೆ, ಆಗಬಹುದು ಎಂದರು. ಕರಾವಳಿಯ ಬ್ಯಾರಿಗಳು, ಭಟ್ಕಳದ ನವಾಯತರು ಶಾಫಿಗಳು. ನಮ್ಮ ಚಿತ್ರದುರ್ಗ, ದಾವಣಗೆರೆ ಕಡೆಯ ನಾವು ಹೆಚ್ಚಿನವರು ಹನಫಿಗಳು. ಅಂದರೆ ಫೋನಿನಲ್ಲಿ “ಹರಾಮ್ ಹೈ” ಎಂದ ಹಜ್ರತ್‌ರೂ ಹನಫಿ, ಕೇಳಿದ ನಾವೂ ಹನಫಿ.

ಹನಫಿ ಗ್ರಂಥಗಳಲ್ಲಿ ಆ “ಸರಿಯಾದ ಕಾರಣ”ಕ್ಕೆ ಒಂದು ಉದಾಹರಣೆ ಬರುತ್ತದೆ, ಹತ್ತೊಂಬತ್ತನೇ ಶತಮಾನದ ದಮಾಸ್ಕಸ್ಸಿನ ಇಬ್ನ್ ಆಬಿದೀನರೂ ಅದನ್ನು ಎತ್ತಿಕೊಂಡಿದ್ದಾರೆ. ಒಬ್ಬಳ ಮಡಿಲಲ್ಲಿ ಹಾಲು ಕುಡಿಯುವ ಮಗುವಿದೆ. ಅಷ್ಟರಲ್ಲಿ ಮತ್ತೆ ಬಸುರಿಯಾಗುತ್ತಾಳೆ. ಬಸುರಿನಿಂದ ಹಾಲು ಬತ್ತುತ್ತದೆ. ಹಾಲೂಡಿಸುವ ದಾದಿಯನ್ನು ಇಡಲು ಗಂಡನ ಬಳಿ ಹಣವಿಲ್ಲ. ಮಡಿಲಲ್ಲಿರುವ ಮಗು ಸತ್ತೀತು. ಇಂಥವಳು ರೂಹ್ ಬರುವ ಮುಂಚೆ ಗರ್ಭ ತೆಗೆಸಿಕೊಂಡರೆ ತಪ್ಪಲ್ಲ.

ಇದನ್ನು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಶತಮಾನಗಳ ಹಿಂದೆ ಯಾವುದೋ ದೂರದ ಊರಿನಲ್ಲಿ ಕೂತ ಗಡ್ಡದ ವಿದ್ವಾಂಸನೊಬ್ಬ ಒಂದು ಬಡ ಮನೆಯ ಹಾಲು, ಹಣ, ಮಗುವಿನ ಅಳು ಇವನ್ನೆಲ್ಲ ಶಾಸ್ತ್ರದ ತಕ್ಕಡಿಯಲ್ಲಿ ಇಟ್ಟು ತೂಗಿದ್ದಾನೆ. ನಮ್ಮ ಕಾಲದ ಹಜ್ರತ್‌ರಿಗೆ, ಕೈಯಲ್ಲಿ ಸ್ಮಾರ್ಟ್‌ಫೋನು ಇರುವವರಿಗೆ, ಎಷ್ಟನೇ ತಿಂಗಳು ಎಂದು ಕೇಳುವಷ್ಟು ವ್ಯವಧಾನವಿಲ್ಲ.

ಇದು ಹಳೆಯ ಮಾತಾಯಿತು. ಹೊಸದೂ ಇದೆ. 1990ರಲ್ಲಿ ಮಕ್ಕಾದ ಇಸ್ಲಾಮಿಕ್ ಫಿಕ್ಹ್ ಕೌನ್ಸಿಲ್, ಮುಸ್ಲಿಂ ವರ್ಲ್ಡ್ ಲೀಗಿಗೆ ಸೇರಿದ ಮಂಡಳಿ, ಇದೇ ವಿಷಯಕ್ಕೆ ನಿರ್ಣಯ ಮಾಡಿದೆ. ನೂರಿಪ್ಪತ್ತು ದಿನ ಆಗಿರಬಾರದು. ನಂಬಿಕಸ್ಥ ತಜ್ಞ ವೈದ್ಯರ ಸಮಿತಿ ಉಪಕರಣಗಳಿಂದ ಪರೀಕ್ಷಿಸಿ, ಭ್ರೂಣಕ್ಕೆ ವಾಸಿಯಾಗದ ಗಂಭೀರ ವೈಕಲ್ಯ ಇದೆ ಎಂದು ಖಚಿತಪಡಿಸಿರಬೇಕು. ಹುಟ್ಟಿದರೆ ಅದರ ಬಾಳು ಅದಕ್ಕೂ ಮನೆಯವರಿಗೂ ಸಂಕಟವಾಗುವಂತಿರಬೇಕು. ತಂದೆತಾಯಿ ಕೋರಿರಬೇಕು. ಆಗ ಗರ್ಭಪಾತಕ್ಕೆ ಅನುಮತಿ. ನೂರಿಪ್ಪತ್ತು ದಿನ ದಾಟಿದರೆ ವೈಕಲ್ಯದ ಕಾರಣಕ್ಕೆ ಇಲ್ಲ, ತಾಯಿಯ ಜೀವಕ್ಕೆ ಅಪಾಯವಿದ್ದರೆ ಮಾತ್ರ. ಇದು ಮಕ್ಕಾದಿಂದ ಬಂದ ಮಾತು, ಯಾವುದೋ ಮಹಿಳಾ ಸಂಘಟನೆಯ ಕರಪತ್ರವಲ್ಲ.

ಥಲಸ್ಸೀಮಿಯಾ “ವೈಕಲ್ಯ” ಹೌದೋ ಅಲ್ಲವೋ ಎಂದು ತಕರಾರು ತೆಗೆಯುವವರಿದ್ದಾರೆ. ತೆಗೆಯಲಿ. ಪಾಕಿಸ್ತಾನದಲ್ಲಿ 1994ರಲ್ಲಿ ಗರ್ಭದಲ್ಲೇ ಥಲಸ್ಸೀಮಿಯಾ ಪತ್ತೆ ಹಚ್ಚುವ ಕೆಲಸ ಶುರುವಾದಾಗ ವೈದ್ಯರು ಉಲೇಮಾಗಳನ್ನು ಕೇಳಿಕೊಂಡೇ ಮುಂದುವರಿದರು; ಗಂಭೀರ ಆನುವಂಶಿಕ ಕಾಯಿಲೆಯಿದ್ದರೆ ನೂರಿಪ್ಪತ್ತು ದಿನದೊಳಗೆ ಆಗಬಹುದು ಎಂಬ ಉತ್ತರ ಸಿಕ್ಕಿತು. ಇರಾನಿನಲ್ಲಿ 1997ರಿಂದ ಮದುವೆಗೆ ಮುಂಚೆ ಥಲಸ್ಸೀಮಿಯಾ ಪರೀಕ್ಷೆ ಕಡ್ಡಾಯ, 2005ರಲ್ಲಿ ನಾಲ್ಕು ತಿಂಗಳೊಳಗಿನ ಚಿಕಿತ್ಸಕ ಗರ್ಭಪಾತಕ್ಕೆ ಕಾನೂನು. ಅದೇ ಇರಾನ್ 2021ರಲ್ಲಿ ಜನಸಂಖ್ಯೆ ಹೆಚ್ಚಿಸಬೇಕೆಂದು ಹಗ್ಗ ಬಿಗಿಮಾಡಿತು. ಅಂದರೆ ಧರ್ಮಗ್ರಂಥ ಅದೇ ಇದ್ದರೂ ಸರ್ಕಾರದ ಲೆಕ್ಕಾಚಾರ ಬದಲಾದರೆ ಹೆಣ್ಣಿನ ಪಾಲಿನ ಕಾನೂನು ಬದಲಾಗುತ್ತದೆ. ಯಾವ ದೇಶದಲ್ಲೂ “ನಿಮ್ಮಲ್ಲಿ ಒಪ್ಪಲ್ಲ” ಎನ್ನುವ ಒಂದು ಸಾಲಿಗೆ ವಿಷಯ ಮುಗಿದಿಲ್ಲ.

ಈಗ ಲೆಕ್ಕಕ್ಕೆ ಬರೋಣ. ಈ ಪ್ರಬಂಧದಲ್ಲಿ ನಾನು ಹೇಳಬೇಕಾದ ಮುಖ್ಯ ಮಾತು ಇದೇ.

ನೂರಿಪ್ಪತ್ತು ದಿನ ಎಂದರೆ ಗರ್ಭ ಕಟ್ಟಿದಂದಿನಿಂದ ಹದಿನೇಳು ವಾರ ಒಂದು ದಿನ. ಆದರೆ ಆಸ್ಪತ್ರೆಯ ಲೆಕ್ಕ ಕೊನೆಯ ಮುಟ್ಟಿನ ಮೊದಲ ದಿನದಿಂದ, ಅಂದರೆ ಎರಡು ವಾರ ಮುಂಚೆಯಿಂದ. ಹಾಗಾಗಿ ಮೌಲ್ವಿಯ ನೂರಿಪ್ಪತ್ತು ದಿನ ಡಾಕ್ಟರ ಚೀಟಿಯಲ್ಲಿ ಸುಮಾರು ಹತ್ತೊಂಬತ್ತು ವಾರ. ಮಗುವಿನ ಅಂಗಾಂಗ ನೋಡುವ ದೊಡ್ಡ ಸ್ಕ್ಯಾನಿಂಗ್ ಮಾಡುವುದು ಹದಿನೆಂಟರಿಂದ ಇಪ್ಪತ್ತನೇ ವಾರದಲ್ಲಿ. ಗಡಿಯ ಮೇಲೆಯೇ ಬಂದು ಕೂತಿದೆ. ನೆತ್ತಿಯ ನೀರು ತೆಗೆದು ಮಾಡುವ ಪರೀಕ್ಷೆ ಹದಿನಾರನೇ ವಾರದ ಆಚೆ ಈಚೆ, ವರದಿಗೆ ಎರಡು ಮೂರು ವಾರ. ಅದೂ ಗಡಿಗೆ ಬಂದು ಮುಟ್ಟುತ್ತದೆ. ಮಾಸುವಿನ ಚೂರಿನ ಪರೀಕ್ಷೆ ಒಂದೇ ಗಡಿಯಿಂದ ಆರಾಮವಾಗಿ ಒಳಗಿದೆ. ಆದರೆ ಅದಕ್ಕೆ ಹೋಗಬೇಕಾದರೆ ಮೊದಲೇ ಗೊತ್ತಿರಬೇಕು; ಗಂಡಹೆಂಡತಿ ಇಬ್ಬರೂ ವಾಹಕರೆಂದು ಒಂದು ಸಾಮಾನ್ಯ ರಕ್ತಪರೀಕ್ಷೆಯಲ್ಲಿ ತಿಳಿದಿರಬೇಕು. ನಮಗೆ ತಿಳಿದಿತ್ತು. ಐದು ವರ್ಷದ ಹುಡುಗನೇ ಅದಕ್ಕೆ ಸಾಕ್ಷಿಯಾಗಿ ಆ ಕೋಣೆಯಲ್ಲಿ ನಮ್ಮ ಪಕ್ಕ ನಿಂತಿದ್ದ.

ಹದಿಮೂರನೇ ವಾರದಲ್ಲಿ ಚೀಟಿ ಬರೆದುಕೊಟ್ಟಿದ್ದರೆ ಹದಿನೈದನೇ ವಾರಕ್ಕೆ ಉತ್ತರ ಕೈಯಲ್ಲಿರುತ್ತಿತ್ತು. ಅದು ನಮ್ಮ ಲೆಕ್ಕದಲ್ಲಿ ತೊಂಬತ್ತೊಂದನೇ ದಿನ. ಯೋಚಿಸಲು, ಅಳಲು, ತಿಳಿದವರನ್ನು ಕೇಳಲು, ನಮಾಜು ಮಾಡಿ ಕೂರಲು ಇನ್ನೂ ನಾಲ್ಕು ವಾರ ಉಳಿಯುತ್ತಿತ್ತು. ಬದಲಿಗೆ ಏನಾಯಿತು? ಹದಿನೇಳನೇ ವಾರದಲ್ಲಿ, ಮಗನಿಗೆ ರಕ್ತ ಹತ್ತಿಸುವ ದಿನ, ಪಕ್ಕದ ಮಂಚದ ಮಗುವಿನ ತಾಯಿ ತಂಗಿಯ ಹೊಟ್ಟೆ ನೋಡಿ “ಟೆಸ್ಟ್ ಮಾಡಿಸಿದ್ರಾ?” ಎಂದು ಕೇಳಿದಳು. ಅವಳು ಲಿಂಗಾಯತರ ಹೆಣ್ಣುಮಗಳು. ಅವಳಿಗೆ ಅವಳ ಡಾಕ್ಟರು ಹೇಳಿದ್ದರು. ಬೆಂಗಳೂರಿಗೆ ಓಡಿದೆವು. ಹದಿನೆಂಟನೇ ವಾರದಲ್ಲಿ ಮಾದರಿ ತೆಗೆದರು. ಇಪ್ಪತ್ತು ವಾರ ಮೂರು ದಿನಕ್ಕೆ ವರದಿ ಬಂತು. ಎರಡೂ ಪ್ರತಿ ಕೆಟ್ಟವೇ.

ಗರ್ಭ ಕಟ್ಟಿ ನೂರಿಪ್ಪತ್ತೊಂಬತ್ತನೇ ದಿನ.

ದೇಶದ ಕಾನೂನು ಆಗಲೂ ಬಾಗಿಲು ಮುಚ್ಚಿರಲಿಲ್ಲ. 1971ರ ಗರ್ಭಪಾತ ಕಾಯಿದೆಗೆ 2021ರಲ್ಲಿ ಬಂದ ತಿದ್ದುಪಡಿ, ಭ್ರೂಣಕ್ಕೆ ಗಂಭೀರ ತೊಂದರೆ ಇದ್ದರೆ ಇಬ್ಬರು ವೈದ್ಯರ ಅಭಿಪ್ರಾಯದ ಮೇಲೆ ಇಪ್ಪತ್ತನಾಲ್ಕು ವಾರದವರೆಗೆ ಅವಕಾಶ ಕೊಡುತ್ತದೆ. ಅದರಾಚೆಗೂ ವೈದ್ಯಕೀಯ ಮಂಡಳಿ ಒಪ್ಪಿದರೆ ಆಗುತ್ತದೆ. ವಯಸ್ಕ ಹೆಣ್ಣಿಗೆ ಅವಳ ಒಪ್ಪಿಗೆಯೊಂದೇ ಸಾಕು. ಗಂಡನ ಸಹಿ ಬೇಕೆಂದು ಆ ಕಾಯಿದೆಯಲ್ಲಿ ಎಲ್ಲೂ ಇಲ್ಲ, ಕೌಂಟರಿನಲ್ಲಿ ಕೂತವರು ಏನೇ ಹೇಳಲಿ. ಇದನ್ನೆಲ್ಲ ನಾನು ತಂಗಿಗೆ ಬಿಡಿಸಿ ಹೇಳಿದೆ. ಅವಳು ಕೇಳಿಸಿಕೊಂಡಳು.

“ಕಾನೂನು ಬಿಡುತ್ತೆ ಅಕ್ಕಾ. ನನ್ನ ಕೈಲಿ ಆಗಲ್ಲ. ರೂಹ್ ಬಂದುಬಿಟ್ಟಿದೆ” ಎಂದಳು.

ಅವಳ ಮೇಲೆ ಯಾರ ಒತ್ತಾಯವೂ ಇರಲಿಲ್ಲ. ಅತ್ತೆ ಸುಮ್ಮನಿದ್ದಳು, ಗಂಡ ನಿನ್ನಿಷ್ಟ ಎಂದಿದ್ದ. ಅದು ಅವಳ ನಂಬಿಕೆ, ಅವಳ ನಿರ್ಧಾರ. ನಾನು ಅದನ್ನು ಗೌರವಿಸಿದೆ. ಆದರೆ ಒಂಬತ್ತು ದಿನ ತಡವಾಗಿ ಬಂದ ಆ ಕಾಗದ ನಾಲ್ಕು ವಾರ ಮುಂಚೆ ಬಂದಿದ್ದರೆ ಅವಳು ಏನು ನಿರ್ಧರಿಸುತ್ತಿದ್ದಳು? ಕೇಳಿದೆ. “ಗೊತ್ತಿಲ್ಲ. ಆದರೆ ಆಗ ನಾನು ಯೋಚನೆ ಮಾಡಬಹುದಿತ್ತು” ಎಂದಳು. ನನ್ನ ಜಗಳ ಈ “ಮಾಡಬಹುದಿತ್ತು” ಎಂಬುದಕ್ಕಾಗಿ. ಅವಳ ಧರ್ಮ ಅವಳಿಗೆ ಕೊಟ್ಟಿದ್ದ ನೂರಿಪ್ಪತ್ತು ದಿನಗಳನ್ನು ಅವಳ ಧರ್ಮದ ಹೆಸರಿನಲ್ಲೇ ಬೇರೆಯವರು ಖರ್ಚು ಮಾಡಿದರು.

ಇಲ್ಲಿ ನನ್ನ ಗೆಳತಿಯ ಮಾತಿಗೆ ಬರಬೇಕು. “ಹೊರಗೆ ಬನ್ನಿ” ಎಂದಳಲ್ಲ. ಕನ್ನಡದ ಓದುಗರಿಗೆ ಮುಸ್ಲಿಂ ಹೆಣ್ಣು ಗೊತ್ತಿಲ್ಲ ಎಂದು ನಾನು ಹೇಳುವುದಿಲ್ಲ. ಸಾರಾ ಅಬೂಬಕ್ಕರ್ ಇದ್ದರು, ಬಾನು ಮುಷ್ತಾಕ್ ಇದ್ದಾರೆ. 2025ರಲ್ಲಿ ಬಾನು ಅವರ ಕತೆಗಳಿಗೆ ಅಂತರರಾಷ್ಟ್ರೀಯ ಬೂಕರ್ ಬಂದಾಗ ನಾವೆಲ್ಲ ಸಂಭ್ರಮಿಸಿದೆವು. ಅವರಿಬ್ಬರೂ ಒಳಗೆ ನಿಂತೇ ಜಗಳವಾಡಿದವರು. ಆದರೆ ಓದುಗರಲ್ಲಿ ಕೆಲವರು ಆ ಕತೆಗಳಿಂದ ಎತ್ತಿಕೊಂಡದ್ದು ಒಂದೇ ಸಾಲು: ಪಾಪ, ಇವರ ಧರ್ಮ ಇವರನ್ನು ಬಿಡುವುದಿಲ್ಲ. ಈ ಕನಿಕರಕ್ಕೂ ಡಾಕ್ಟರಮ್ಮನ ಕನಿಕರಕ್ಕೂ ಏನು ವ್ಯತ್ಯಾಸ? ನನ್ನ ತಂಗಿಗೆ ಧರ್ಮದಿಂದ ಹೊರಗೆ ಬರುವ ಆಸೆಯಿಲ್ಲ. ಅವಳಿಗೆ ಬೇಕಾದದ್ದು ಧರ್ಮದೊಳಗೆ ತನಗಿರುವ ಜಾಗ ಎಷ್ಟು ಎಂದು ಅಳೆದು ಹೇಳುವ ಒಬ್ಬರು. ಅಷ್ಟು ಸಣ್ಣ ಸಹಾಯ ಮಾಡಲು ನಮ್ಮ ಪ್ರಗತಿಪರತೆಗೆ ಪುಸ್ತಕ ಓದುವ ತಾಳ್ಮೆಯಿಲ್ಲ. ಬಿಟ್ಟು ಬಾ ಎನ್ನುವುದು ಸುಲಭ.

ಇನ್ನೊಂದು ಚುಚ್ಚುಮಾತೂ ಇದೆ, ಅದಕ್ಕೂ ಉತ್ತರ ಕೊಟ್ಟುಬಿಡುತ್ತೇನೆ. “ನಿಮ್ಮಲ್ಲಿ ಚಿಕ್ಕಪ್ಪ ದೊಡ್ಡಪ್ಪನ ಮಕ್ಕಳನ್ನೇ ಮದುವೆಯಾಗುತ್ತೀರಲ್ಲ, ಅದಕ್ಕೇ ಇವೆಲ್ಲ.” ತಂಗಿಯೂ ಅವಳ ಗಂಡನೂ ದೂರದ ಸಂಬಂಧಿಗಳೂ ಅಲ್ಲ. ಹತ್ತಿರದ ಸಂಬಂಧದಲ್ಲಿ ಮದುವೆಯಾದರೆ ಇಂಥ ಕಾಯಿಲೆಗಳ ಸಾಧ್ಯತೆ ಹೆಚ್ಚುತ್ತದೆ ಎಂಬುದು ನಿಜ. ಆದರೆ 1980ರ ದಶಕದಲ್ಲಿ ಕರ್ನಾಟಕದ ಒಂದು ಲಕ್ಷಕ್ಕೂ ಹೆಚ್ಚು ದಂಪತಿಗಳನ್ನು ಲೆಕ್ಕ ಹಾಕಿದ ಅಧ್ಯಯನದಲ್ಲಿ ಸುಮಾರು ಮೂರರಲ್ಲಿ ಒಂದು ಮದುವೆ ರಕ್ತಸಂಬಂಧದ್ದು, ಅದರಲ್ಲಿ ದೊಡ್ಡ ಪಾಲು ಸೋದರಮಾವ ಮತ್ತು ಅಕ್ಕನ ಮಗಳ ಮದುವೆ. ಆ ಮದುವೆ ಇಸ್ಲಾಮಿನಲ್ಲಿ ನಿಷಿದ್ಧ. ಹಾಗಾಗಿ ಈ ವಿಷಯದಲ್ಲಿ “ನಿಮ್ಮಲ್ಲಿ” “ನಮ್ಮಲ್ಲಿ” ಎಂದು ಬೆರಳು ತೋರಿಸುವ ಮೊದಲು ಪ್ರತಿ ಮನೆಯವರೂ ತಮ್ಮ ಮದುವೆ ಆಲ್ಬಮ್ ತೆರೆದು ನೋಡುವುದು ಒಳ್ಳೆಯದು.

ಇಷ್ಟೆಲ್ಲ ಹೇಳಿದ ಮೇಲೆ, ನನ್ನ ವಾದವನ್ನು ಯಾರಾದರೂ ಎತ್ತಿಕೊಂಡು ಕುಂದಿರುವ ಮಗುವೆಲ್ಲ ಹುಟ್ಟಬಾರದು ಎಂದರೆ ನಾನು ಅವರ ಎದುರು ನಿಲ್ಲುತ್ತೇನೆ. ಸಾಗರದ ಹತ್ತಿರ ಹಂದಿಗೋಡು ಎಂಬ ಊರಿದೆ. ಎಪ್ಪತ್ತರ ದಶಕದ ನಡುವಿನಲ್ಲಿ ಅಲ್ಲಿಯ ದಲಿತ ಕೇರಿಗಳಲ್ಲಿ ಸೊಂಟ, ಮಂಡಿ ಸವೆದು ಜನ ಕುಗ್ಗುವ ಕಾಯಿಲೆ ಸುದ್ದಿಯಾಯಿತು. ಕೀಟನಾಶಕ ಬಿದ್ದ ಗದ್ದೆಯ ಏಡಿ ತಿಂದದ್ದಕ್ಕೆ ಎಂದರು, ಆಮೇಲೆ ವಂಶದಲ್ಲಿ ಬರುವುದು ಎಂದು ಗೊತ್ತಾಯಿತು. ಆ ಜನ ಬದುಕಿದ್ದಾರೆ, ಮದುವೆಯಾಗಿದ್ದಾರೆ, ಪಿಂಚಣಿಗೆ ಹೋರಾಡಿದ್ದಾರೆ. ಅವರಿಗೆ ಬೇಕಾದದ್ದು ವೈದ್ಯ, ಅನ್ನ, ದಾರಿ. ನೀವು ಹುಟ್ಟಬಾರದಿತ್ತು ಎಂಬ ಮಾತಲ್ಲ. ನಮ್ಮ ಪಕ್ಕದ ದಾವಣಗೆರೆಯಲ್ಲಿ ಹಿಮೋಫಿಲಿಯಾ ಇರುವವರಿಗಾಗಿ ದೊಡ್ಡ ಸಂಸ್ಥೆ ಕಟ್ಟಿದ ಡಾ. ಸುರೇಶ್ ಹನಗವಾಡಿ ಸ್ವತಃ ಹಿಮೋಫಿಲಿಯಾ ಇರುವವರು. 2016ರ ಅಂಗವಿಕಲರ ಹಕ್ಕುಗಳ ಕಾಯಿದೆಯಲ್ಲಿ ಥಲಸ್ಸೀಮಿಯಾ, ಹಿಮೋಫಿಲಿಯಾ, ಕುಡಗೋಲು ಕಣ ರೋಗ ಮೂರೂ ಸೇರಿವೆ. ಸಿಗಬೇಕಾದ ಹಕ್ಕು ಸಿಗುವಂತಿದ್ದರೆ ಎಷ್ಟೋ ತಾಯಂದಿರ ಭಯ ಅರ್ಧ ಇಳಿಯುತ್ತದೆ.

ಕುರ್‌ಆನಿನ ಎಂಬತ್ತನೇ ಸೂರಾದ ಹೆಸರು ಅಬಸ, ಮುಖ ಸಿಂಡರಿಸಿದನು ಎಂದರ್ಥ. ಮಕ್ಕಾದ ದೊಡ್ಡವರ ಜೊತೆ ಮಾತಿನಲ್ಲಿದ್ದಾಗ ಬಂದ ಕುರುಡನೊಬ್ಬನಿಂದ ಪ್ರವಾದಿ ಮುಖ ತಿರುಗಿಸಿದ್ದಕ್ಕೆ ಅಲ್ಲಿ ಪ್ರವಾದಿಗೇ ಎಚ್ಚರಿಕೆ ಬರುತ್ತದೆ. ಆ ಕುರುಡ ಇಬ್ನ್ ಉಮ್ಮೆ ಮಕ್ತೂಮ್ ಮುಂದೆ ಮದೀನಾದಲ್ಲಿ ಬಿಲಾಲರ ಜೊತೆ ಅಜಾನ್ ಕೊಡುವವರಾದರು. ಎಂಬತ್ತೊಂದನೇ ಸೂರಾದಲ್ಲಿ, ಹುಟ್ಟಿದ್ದಕ್ಕೇ ಹೂಳಿಸಿಕೊಂಡ ಹೆಣ್ಣುಮಗುವನ್ನು ಕೊನೆಯ ದಿನ, ನಿನ್ನನ್ನು ಯಾವ ತಪ್ಪಿಗೆ ಕೊಂದರು ಎಂದು ಕೇಳಲಾಗುತ್ತದೆ. ಎರಡು ಸೂರಾ ಒಂದರ ಪಕ್ಕ ಒಂದು ಇವೆ. ಇವನ್ನು ಓದಿದವರು ನೂರಿಪ್ಪತ್ತು ದಿನವನ್ನು ಬೇಡದ ಮಗುವನ್ನು ಕಳೆದುಕೊಳ್ಳುವ ಪರವಾನಗಿ ಎಂದುಕೊಳ್ಳಲಾರರು. ಹೆಣ್ಣು ಎಂಬ ಕಾರಣಕ್ಕೆ ಭ್ರೂಣ ತೆಗೆಸುವವರನ್ನು ತಡೆಯಲು ನಾವು 1994ರಲ್ಲಿ ಕಾಯಿದೆ ಮಾಡಬೇಕಾಗಿ ಬಂದ ದೇಶದವರು. ಪರೀಕ್ಷೆಯ ಯಂತ್ರ ಯಾರ ಕೈಗೆ ಸಿಕ್ಕರೆ ಏನಾಗುತ್ತದೆ ಎಂದು ನಮಗೆ ಗೊತ್ತು. ಗಜಾಲಿಯವರ ಭಯ, ಮಾಲಿಕಿಗಳ ಬಿಗಿ ಎರಡೂ ಸುಳ್ಳಲ್ಲ. ಅವನ್ನು ಕೇಳಿಸಿಕೊಂಡೇ ನಿರ್ಧರಿಸಬೇಕು. ಆದರೆ ನಿರ್ಧರಿಸಬೇಕಾದವಳನ್ನು ಹೊರಗೆ ಕೂರಿಸಿ ಅಲ್ಲ.

ನಮ್ಮೂರಿನ ಪೀಠದ ಹೆಸರು ತರಳಬಾಳು. ಮರುಳಸಿದ್ಧರು ಶಿಷ್ಯನಿಗೆ ಕೊಟ್ಟ ಹರಕೆಯಂತೆ ಅದು: ಮಗುವೇ, ಬಾಳು. ಎರಡನೇ ಸಲ ಬಸುರಿಯಾದಾಗ ಪಕ್ಕದ ಮನೆಯ ಅಜ್ಜಿ ತಂಗಿಯ ತಲೆ ಮುಟ್ಟಿ ಆ ಮಾತನ್ನೇ ಹೇಳಿದ್ದಳು. ಹುಟ್ಟಿದ್ದು ಹೆಣ್ಣು. ಈಗ ಮೂರು ದಾಟಿದೆ, ಬಾಯಿ ತುಂಬಾ ಮಾತು. ಅವಳೂ ಅಣ್ಣನ ಜೊತೆ ಬಸ್ಸು ಹತ್ತುತ್ತಾಳೆ. ರಕ್ತದ ದಿನ ಒಂದೇ ಬೀಳುವಂತೆ ಹೊಂದಿಸಿಕೊಂಡಿದ್ದೇವೆ. ಅವಳು ಇರಬಾರದಿತ್ತು ಎಂದು ನಾನು ಬರೆಯಲಾರೆ, ಬರೆದರೆ ಕೈ ನಡುಗುತ್ತದೆ. ಒಂದು ದಿನ ಹುಡುಗ, ದೊಡ್ಡವರ ಮಾತು ಕೇಳಿಸಿಕೊಂಡಿದ್ದನೋ ಏನೋ, “ನಾನು ಹೊಟ್ಟೆಲಿದ್ದಾಗ ಟೆಸ್ಟ್ ಮಾಡ್ಸಿದ್ರಾ ಅಮ್ಮಿ?” ಎಂದು ಕೇಳಿದ. ಇಲ್ಲ ಎಂದಳು ತಂಗಿ. ಅವನು ಸುಮ್ಮನಾದ. ಆ ಪ್ರಶ್ನೆಗೆ ನನ್ನ ಬಳಿ ಉತ್ತರವಿಲ್ಲ. ಇಂಥ ಪರೀಕ್ಷೆಯ ಪರವಾಗಿ ಮಾತಾಡುವವರು ಆ ಪ್ರಶ್ನೆಯನ್ನು ಎದುರಿಗಿಟ್ಟುಕೊಂಡೇ ಮಾತಾಡಬೇಕು ಎಂಬುದಷ್ಟೇ ಗೊತ್ತು. ಆ ಭಾರವನ್ನು ಹೊರಬೇಕಾದವಳು ತಾಯಿ. ಹಾಗಾಗಿ ಆ ಹೊತ್ತಿನ ಮಾತೂ ಅವಳದೇ ಆಗಬೇಕು.

ನಾನು ಕೇಳುತ್ತಿರುವುದು ದೊಡ್ಡದೇನಲ್ಲ. ಜುಮ್ಮಾದ ಬಯಾನಿನಲ್ಲಿ ವರ್ಷಕ್ಕೆ ನಾಲ್ಕು ಸಲವಾದರೂ, ನಿಖಾಹ್‌ಗೆ ಮುಂಚೆ ರಕ್ತಪರೀಕ್ಷೆ ಮಾಡಿಸಿ ಎಂದು ಹೇಳಿ. ಸೌದಿಯಲ್ಲಿ 2004ರಿಂದ ಅದು ಕಡ್ಡಾಯ. ವರದಿ ಬಂದ ಮೇಲೆ ಮದುವೆಯಾಗುವುದು ಬಿಡುವುದು ಅವರವರಿಗೆ ಬಿಟ್ಟದ್ದು. ಮಕ್ಕಾದ ಕಡೆ ಮುಖ ಮಾಡುವವರು ಈ ವಿಷಯಕ್ಕೂ ಅತ್ತ ಸ್ವಲ್ಪ ನೋಡಬಹುದು. ಹಜ್ರತ್‌ರೇ, ಉತ್ತರ ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಎನ್ನಿ, ತಿಳಿದ ಮುಫ್ತಿಯ ಹತ್ತಿರ ಕಳಿಸಿ. ನಮ್ಮ ಪರಂಪರೆಯಲ್ಲಿ ದೊಡ್ಡ ದೊಡ್ಡ ಇಮಾಮರು ಹಾಗೆಂದಿದ್ದಾರೆ, ಅದರಿಂದ ಯಾರ ಪೇಟವೂ ಕೆಳಗೆ ಬೀಳಲಿಲ್ಲ. ಗೆಳತಿ, ನನ್ನ ಧರ್ಮವನ್ನು ಬೈಯುವುದಿದ್ದರೆ ಓದಿ ಬೈ, ನಾನೂ ಜೊತೆ ಸೇರುತ್ತೇನೆ.

ಡಾಕ್ಟರೇ, ಎದುರಿಗೆ ಕೂತವಳು ಬುರ್ಖಾ ಹಾಕಿರಲಿ, ಇಳಕಲ್ ಸೀರೆ ಉಟ್ಟಿರಲಿ, ಇರುವ ಪರೀಕ್ಷೆಗಳೆಲ್ಲವನ್ನೂ ಹೇಳಿ. ಮಾಡಿಸುವುದು ಬಿಡುವುದು ಅವಳು ನೋಡಿಕೊಳ್ಳುತ್ತಾಳೆ. ನಿಮ್ಮಲ್ಲಿ ಒಪ್ಪಲ್ಲ ಅಲ್ವಾ ಎನ್ನುವ ಮೊದಲು, ಎಷ್ಟನೇ ವಾರ ಎಂದು ನೋಡಿ.